ಕಾಲಿಗೆ ತಕ್ಕ ಬೂಟು

(ತಾಳವಾಡಿ ಬೆಟ್ಟ ಸೀಮೆಯ ತೋಟ ಕೆಲಸಗಾರರ ಕುಟುಂಬ ಕೂಟದಲ್ಲಿ ಮಾಡಿದ ಭಾಷಣ)



ಈ ಹೊತ್ತಿನ ನಮ್ಮ ಮಾತು ಕಾಲಿನದು. ಕೂಲಿ ಕೈಗೆ ಸಿಗುತ್ತದೆ ನಿಜ. ಆದರೆ ಆ ಕೈಯನ್ನು ಬೆಳಗಿನ ಹಾಜರಿಗೆ ಹೊತ್ತು ತರುವುದು ಕಾಲು. ಕಾಲು ಕೆಟ್ಟ ದಿನ ಕೂಲಿಯೂ ಹೋಯಿತು. ಇದು ನಿಮಗೆ ನಾವು ಹೇಳಿಕೊಡಬೇಕಾದ ವಿಷಯವಲ್ಲ. ಹೀಗಿದ್ದರೂ ಮನೆಯ ಖರ್ಚು ಲೆಕ್ಕ ಹಾಕುವಾಗ ಎಲ್ಲದಕ್ಕೂ ಕೊನೆಯಲ್ಲಿ ಬರುವುದು ಕಾಲಿನ ಪಾಲು. ಅದರಲ್ಲೂ ಹೆಂಗಸರ ಕಾಲಿನ ಪಾಲು ಬರುವುದೇ ಇಲ್ಲ. ಆದಕಾರಣ ತೋಟದ ಕೆಲಸಕ್ಕೆ ಚರ್ಮದ ಬೂಟನ್ನು ಹೇಗೆ ಆರಿಸಬೇಕು, ಹೇಗೆ ಅಳತೆ ಕೊಟ್ಟು ಹೊಲಿಸಬೇಕು ಎಂಬುದನ್ನು ಇಂದು ಕೂಡಿ ಯೋಚಿಸೋಣ.

ನಮ್ಮ ಸೀಮೆಯವರ ಕಾಲು ಒಂದೇ ಬಗೆಯ ನೆಲವನ್ನು ತುಳಿಯುವುದಿಲ್ಲ. ಊರಲ್ಲಿದ್ದರೆ ಅರಿಶಿನ, ಆಲೂಗಡ್ಡೆ, ಕೋಸು, ಕಬ್ಬಿನ ಹೊಲ. ಹಾಸನೂರು, ದಿಂಬಂ ಕಡೆಗೆ ಹೋದರೆ ಲಂಟಾನ ಮುಳ್ಳಿನ ಕಾಡಂಚು. ಕೊಡಗಿನ ಕಾಫಿ ತೋಟಕ್ಕೋ ನೀಲಗಿರಿಯ ಚಹಾ ತೋಟಕ್ಕೋ ಹೋದವರಿಗೆ ಇಳಿಜಾರು, ತರಗೆಲೆ, ಮಳೆಯಲ್ಲಿ ಜಾರುವ ಮಣ್ಣು, ಇಂಬಳ. ಇಂಥ ನೆಲದಲ್ಲಿ ಬರಿಗಾಲಿಗೆ ಮೂರು ಕೇಡುಗಳಿವೆ.

ಮೊದಲನೆಯದು ಕಣ್ಣಿಗೆ ಕಾಣದ್ದು, ಕೊಕ್ಕೆಹುಳು. ಮಲ ಬಿದ್ದ ತೇವದ ಮಣ್ಣಿನಲ್ಲಿ ಇದರ ಮರಿ ಬದುಕಿರುತ್ತದೆ. ಅದು ಹೆಚ್ಚಾಗಿ ಬರಿಗಾಲಿನ ಚರ್ಮವನ್ನೇ ತೂರಿಕೊಂಡು ಒಳಗೆ ಹೋಗಿ, ಕರುಳಿಗೆ ಅಂಟಿ ರಕ್ತ ಹೀರುತ್ತದೆ. ಮುಖ ಬಿಳಿಚಿಕೊಂಡು, ಏರು ಹತ್ತುವಾಗ ಏದುಸಿರು ಬಂದರೆ ಜನರು ಸೋಮಾರಿತನ ಎನ್ನುತ್ತಾರೆ. ನಿಜವಾಗಿ ಅದು ರಕ್ತ ಕಡಿಮೆಯಾಗಿರುವ ಲಕ್ಷಣವಿರಬಹುದು. 1920ರ ದಶಕದಲ್ಲಿ ಮದ್ರಾಸ್ ಪ್ರಾಂತದಲ್ಲಿ ರಾಕ್‌ಫೆಲ್ಲರ್ ಪ್ರತಿಷ್ಠಾನದವರು ಈ ಹುಳುವಿನ ಮೇಲೆ ಚಳವಳಿಯನ್ನೇ ನಡೆಸಿದರು. ಮಾತ್ರೆ, ಕಕ್ಕಸು, ಕಾಲಿಗೆ ಮರೆ, ಈ ಮೂರೂ ಸೇರಿದರೆ ಮಾತ್ರ ಹುಳು ಹೋಗುತ್ತದೆ.

ಎರಡನೆಯದು ಹಾವು. ಹೊಲ ತೋಟಗಳಲ್ಲಿ ಹಾವು ಕಚ್ಚುವುದು ಹೆಚ್ಚಾಗಿ ಪಾದಕ್ಕೆ, ಇಲ್ಲವೆ ಮೊಣಕಾಲಿನ ಕೆಳಗೆ. ಬೂಟಿದ್ದರೆ ಹಾವು ಕಚ್ಚುವುದೇ ಇಲ್ಲ ಎಂದು ನಾವು ಹೇಳುವುದಿಲ್ಲ. ದಪ್ಪ ಚರ್ಮ ಅಡ್ಡ ಇದ್ದರೆ ಅಪಾಯ ಕಡಿಮೆ ಎನ್ನುತ್ತೇವೆ. ಕಚ್ಚಿದರೆ ಹಗ್ಗ ಕಟ್ಟಬೇಡಿ, ಕೊಯ್ಯಬೇಡಿ, ನಡೆಸಬೇಡಿ. ನೇರವಾಗಿ ವಿಷದ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಒಯ್ಯಿರಿ.

ಮೂರನೆಯದು ಗಾಯ. ಕತ್ತಿ, ಗುದ್ದಲಿ, ಕತ್ತರಿಸಿದ ಕಾಫಿ ಕಡ್ಡಿಯ ಚೂಪು, ಸೀಳಿದ ಹಿಮ್ಮಡಿ. ಸಕ್ಕರೆ ಕಾಯಿಲೆ ಇದ್ದವರಿಗೆ ಸಣ್ಣ ಗಾಯವೂ ದೊಡ್ಡದಾಗುತ್ತದೆ.

ಇಷ್ಟು ತಿಳಿದೂ ನಮ್ಮವರು ಏಕೆ ಬರಿಗಾಲಿನಲ್ಲೋ ರಬ್ಬರ್ ಚಪ್ಪಲಿಯಲ್ಲೋ ಹೋಗುತ್ತಾರೆ? ಬೂಟು ಕೊಳ್ಳದೆ ಇರುವುದೊಂದೇ ಕಾರಣವಲ್ಲ. ಲೈನ್ ಮನೆಗಳ ಗೋಡೆಯಲ್ಲಿ ಮೊಳೆಗೆ ತೂಗಿದ ಬೂಟುಗಳನ್ನು ನಾವು ಬೇಕಾದಷ್ಟು ಕಂಡಿದ್ದೇವೆ. ದುಡ್ಡು ಕೊಟ್ಟು ತಂದರು, ಎರಡು ದಿನ ಹಾಕಿದರು, ಕಾಲು ಕಚ್ಚಿತು, ಗುಳ್ಳೆ ಎದ್ದಿತು, ತೂಗುಹಾಕಿದರು. ಆಮೇಲೆ "ನಮ್ಮ ಕಾಲಿಗೆ ಬೂಟು ಒಗ್ಗೋದಿಲ್ಲ" ಎಂಬ ಮಾತು ಹುಟ್ಟಿತು.

ಈ ಮಾತು ತಿರುಗುಮುರುಗಾಗಿದೆ. ಆ ಬೂಟು ನಮ್ಮ ಕಾಲಿಗೆ ಒಗ್ಗಲಿಲ್ಲ ಎಂದು ಹೇಳಬೇಕು. ಚಿಕ್ಕಂದಿನಿಂದ ಬರಿಗಾಲಲ್ಲಿ ನಡೆದವರ ಬೆರಳುಗಳು ಬೀಸಣಿಗೆಯ ಹಾಗೆ ಅಗಲವಾಗಿ ಹರಡಿರುತ್ತವೆ. ಕಾರ್ಖಾನೆಯ ಬೂಟು ತಯಾರಾಗುವ ಅಚ್ಚು ಹಲವು ಸಲ ಮುಂಭಾಗದಲ್ಲಿ ಇಕ್ಕಟ್ಟು. ಚೆನ್ನೈನಲ್ಲಿ 1948ರಲ್ಲಿ ಸ್ಥಾಪನೆಯಾದ ಕೇಂದ್ರ ಚರ್ಮ ಸಂಶೋಧನಾ ಸಂಸ್ಥೆಯವರು 2021ರ ಡಿಸೆಂಬರಿನಿಂದ 2022ರ ಮಾರ್ಚ್‌ವರೆಗೆ ದೇಶದ 79 ಸ್ಥಳಗಳಲ್ಲಿ ಒಂದು ಲಕ್ಷಕ್ಕೂ ಮಿಕ್ಕಿ ಜನರ ಪಾದ ಅಳೆದರು. ನಮ್ಮ ದೇಶದವರ ಪಾದ ಯುರೋಪು, ಅಮೆರಿಕದವರ ಪಾದಕ್ಕಿಂತ ಅಗಲ ಎಂದು ಆ ಅಳತೆಯಿಂದ ಕಂಡುಬಂತು. ಹಾಗಾದರೆ ತಪ್ಪು ನಿಮ್ಮ ಕಾಲಿನದಲ್ಲ. ಅಗಲ ಸಾಲದೆ ಹೋದಾಗ ಅಂಗಡಿಯವರು ಒಂದು ನಂಬರು ಹೆಚ್ಚು ಕೊಡುತ್ತಾರೆ. ಆಗ ಉದ್ದ ಹೆಚ್ಚಾಗಿ ಹಿಮ್ಮಡಿ ಜಾರುತ್ತದೆ, ಇಳಿಜಾರಿನಲ್ಲಿ ಎಡವುತ್ತೀರಿ. ಅಳತೆ ಕೊಟ್ಟು ಕೈಯಿಂದ ಹೊಲಿಸಿದ ಬೂಟಿನ ಲಾಭ ಇಲ್ಲಿದೆ. ಉದ್ದ ಬೇರೆ, ಅಗಲ ಬೇರೆ ಎಂದು ಅದರಲ್ಲಿ ಲೆಕ್ಕ ಹಿಡಿಯಬಹುದು.

ಹೊಲಿಸುವ ಮುಂಚೆ ಒಂದು ಎಚ್ಚರಿಕೆ. ಚರ್ಮದ ಬೂಟು ಎಲ್ಲ ಕೆಲಸಕ್ಕೂ ಅಲ್ಲ. ಕಸಿ ಕತ್ತರಿಸುವುದು, ಗುಂಡಿ ತೋಡುವುದು, ಹೊರೆ ಹೊರುವುದು, ದೂರ ನಡೆಯುವುದು, ಇವಕ್ಕೆ ಚರ್ಮ ಒಳ್ಳೆಯದು. ಔಷಧಿ ಹೊಡೆಯುವ ಕೆಲಸಕ್ಕೆ ಚರ್ಮದ ಬೂಟು ಕೂಡದು. ಚರ್ಮ ವಿಷವನ್ನು ಹೀರಿಕೊಳ್ಳುತ್ತದೆ, ಎಷ್ಟು ತೊಳೆದರೂ ಬಿಡುವುದಿಲ್ಲ, ಮರುದಿನ ನಿಮ್ಮ ಬೆವರಿನೊಂದಿಗೆ ಕಾಲಿಗೆ ಇಳಿಯುತ್ತದೆ. ಅದಕ್ಕೆ ರಬ್ಬರಿನ ಗಂಬೂಟೇ ಬೇಕು, ಪ್ಯಾಂಟಿನ ಕಾಲು ಬೂಟಿನ ಹೊರಗೆ ಇಳಿಬಿದ್ದಿರಬೇಕು. ದಿನವೆಲ್ಲ ನೀರಲ್ಲಿ ನಿಲ್ಲುವ ಕೆಲಸಕ್ಕೂ ಗಂಬೂಟೇ ಸರಿ.

ಇನ್ನು ಅಳತೆ. ಇದನ್ನು ಮನೆಯಲ್ಲೇ ತೆಗೆಯಬಹುದು. ಹಳೆಯ ಕ್ಯಾಲೆಂಡರಿನ ಹಾಳೆ, ಪೆನ್ಸಿಲು, ಟೈಲರ್ ಟೇಪು ಸಾಕು.

ಒಂದು: ಅಳತೆಯನ್ನು ಸಾಯಂಕಾಲ ಕೆಲಸ ಮುಗಿದ ಮೇಲೆ ತೆಗೆಯಿರಿ. ನಡೆದು ನಿಂತು ದುಡಿದ ಪಾದ ಸಂಜೆಗೆ ಊದಿರುತ್ತದೆ. ಬೆಳಗಿನ ಅಳತೆಗೆ ಹೊಲಿಸಿದ ಬೂಟು ಮಧ್ಯಾಹ್ನಕ್ಕೆ ಬಿಗಿಯುತ್ತದೆ.

ಎರಡು: ನಿಂತೇ ಅಳತೆ ಕೊಡಿ. ಕೂತರೆ ಪಾದ ಚಿಕ್ಕದಾಗಿ ಕಾಣುತ್ತದೆ, ಭಾರ ಬಿದ್ದಾಗ ಹರಡುತ್ತದೆ. ಬೂಟಿನೊಳಗೆ ಹಾಕುವ ಕಾಲುಚೀಲವನ್ನೇ ಹಾಕಿಕೊಂಡು ನಿಲ್ಲಿ. ಗೀಟು ಹಾಕುವವರು ಬೇರೆಯವರಾಗಿರಲಿ. ನೀವೇ ಬಗ್ಗಿ ಹಾಕಿದರೆ ಪಾದ ಅಲುಗುತ್ತದೆ. ಪೆನ್ಸಿಲನ್ನು ನೆಟ್ಟಗೆ ಹಿಡಿದು ಸುತ್ತ ಗೀಟೆಳೆಯಬೇಕು.

ಮೂರು: ಎರಡೂ ಕಾಲು ಅಳೆಯಿರಿ. ಎರಡೂ ಒಂದೇ ಸಮ ಇರುವವರು ಕಡಿಮೆ. ಅಚ್ಚು ಆರಿಸುವಾಗ ದೊಡ್ಡ ಕಾಲೇ ಲೆಕ್ಕಕ್ಕೆ ಬರಬೇಕು. ಚಿಕ್ಕ ಕಾಲಿಗೆ ಒಳಗೊಂದು ಚರ್ಮದ ಹಾಸು ಸೇರಿಸಿಕೊಳ್ಳಬಹುದು. ಚಿಕ್ಕದಾದ ಬೂಟನ್ನು ದೊಡ್ಡದು ಮಾಡಲಾಗದು.

ನಾಲ್ಕು: ಉದ್ದವನ್ನು ಹಿಮ್ಮಡಿಯಿಂದ ಅತಿ ಉದ್ದನೆಯ ಬೆರಳಿನ ತುದಿಯವರೆಗೆ ತೆಗೆಯಿರಿ. ಹಲವರಿಗೆ ಹೆಬ್ಬೆರಳಿಗಿಂತ ಅದರ ಪಕ್ಕದ ಬೆರಳೇ ಉದ್ದ.

ಐದು: ಟೇಪಿನಿಂದ ಸುತ್ತಳತೆ ತೆಗೆಯಿರಿ. ಹೆಬ್ಬೆರಳ ಬುಡದ ಗಂಟಿನಿಂದ ಕಿರುಬೆರಳ ಬುಡದವರೆಗೆ ಪಾದದ ಅತಿ ಅಗಲದ ಜಾಗ, ನಡುಪಾದ, ಹಿಮ್ಮಡಿಯಿಂದ ಮೇಲೆ ಕಾಲು ಬಾಗುವ ಜಾಗದವರೆಗೆ, ಕೊನೆಗೆ ಬೂಟಿನ ಬಾಯಿ ಬರುವ ಎತ್ತರದಲ್ಲಿ ಕಾಲಿನ ಸುತ್ತು. ಟೇಪು ಮೈಗೆ ತಾಗಬೇಕು, ಮಾಂಸ ಒತ್ತಬಾರದು.

ಆರು: ಆಣಿ, ಗಂಟು, ಹಳೆಯ ಗಾಯದ ಕಲೆ ಎಲ್ಲಿದೆ ಎಂದು ಹಾಳೆಯ ಮೇಲೆ ಗುರುತು ಹಾಕಿ. ಕಾಲುಂಗುರ ಹಾಕುವ ಅಕ್ಕಂದಿರು ಕಾಲುಂಗುರ ಹಾಕಿಕೊಂಡೇ ಅಳತೆ ಕೊಡಿ. ಹೊಲಿಯುವವರು ಅಚ್ಚಿನ ಮೇಲೆ ಅದೇ ಜಾಗಕ್ಕೆ ಚರ್ಮದ ಚೂರು ಅಂಟಿಸಿ ಉಬ್ಬಿಸಿಕೊಂಡರೆ ಬೂಟಿನೊಳಗೆ ಅಷ್ಟು ಜಾಗ ತಾನಾಗಿ ಸಿಗುತ್ತದೆ. ಇದನ್ನು ಕೇಳಿ ಮಾಡಿಸಿಕೊಳ್ಳಬೇಕು.

ಹಾಳೆಯ ಮೇಲೆ ಹೆಸರು, ಎಡ ಬಲ, ತಾರೀಖು ಬರೆದಿಡಿ. ನಮ್ಮದು ಎರಡು ಭಾಷೆಯ ಗಡಿ. ಹೊಲಿಯುವ ಅಣ್ಣ ತಮಿಳಿನವರಿರಲಿ, ಕನ್ನಡದವರಿರಲಿ, ಗೀಟು ಮತ್ತು ಅಂಕೆ ಇಬ್ಬರಿಗೂ ಅರ್ಥವಾಗುತ್ತದೆ.

ಸಿದ್ಧ ಬೂಟನ್ನೇ ಕೊಳ್ಳಬೇಕಾಗಿ ಬಂದರೆ ನಂಬರಿನ ಗುಟ್ಟು ತಿಳಿದಿರಲಿ. ಇಂಗ್ಲಿಷ್ ನಂಬರಿನಲ್ಲಿ ಒಂದು ನಂಬರಿಗೂ ಮುಂದಿನದಕ್ಕೂ ಅಂಗುಲದ ಮೂರನೆಯ ಒಂದು ಭಾಗ, ಅಂದರೆ ಸುಮಾರು 8.5 ಮಿಲಿಮೀಟರ್ ಅಂತರ. 36, 40, 42 ಎಂದು ಬರೆಯುವ ಯುರೋಪಿನ ನಂಬರಿನಲ್ಲಿ ಸುಮಾರು 6.7 ಮಿಲಿಮೀಟರ್. ಪಾದದ ಉದ್ದ 22.5 ಸೆಂಟಿಮೀಟರ್ ಇದ್ದರೆ ಸುಮಾರಾಗಿ ಇಂಗ್ಲಿಷ್ 3, ಯುರೋಪಿನ 36. 25 ಸೆಂಟಿಮೀಟರಿಗೆ 6 ಅಥವಾ 40. 26.5 ಸೆಂಟಿಮೀಟರಿಗೆ 8 ಅಥವಾ 42. ಇದು ಉದ್ದದ ಲೆಕ್ಕ ಮಾತ್ರ, ಅಗಲವನ್ನು ಈ ನಂಬರು ಹೇಳುವುದಿಲ್ಲ. ತಯಾರಿಸುವವರಿಂದ ತಯಾರಿಸುವವರಿಗೆ ಸ್ವಲ್ಪ ಹೆಚ್ಚುಕಡಿಮೆಯೂ ಇರುತ್ತದೆ. ಆದ್ದರಿಂದ ನಂಬರು ನೋಡಿ ದುಡ್ಡು ಕೊಡಬೇಡಿ, ಹಾಕಿ ನಡೆದು ನೋಡಿ ಕೊಡಿ.

ಹಾಕಿ ನೋಡುವುದು ಹೇಗೆ? ಎರಡೂ ಕಾಲಿಗೆ ಹಾಕಿ, ಲೇಸು ಬಿಗಿದು ನಿಲ್ಲಿ. ಉದ್ದನೆಯ ಬೆರಳಿನ ಮುಂದೆ ಒಂದು ಹೆಬ್ಬೆರಳಿನ ಅಗಲ ಜಾಗ ಇರಬೇಕು. ಬೆರಳುಗಳು ಒಳಗೆ ಆಡಬೇಕು. ಪಾದದ ಮೇಲ್ಭಾಗವನ್ನು ಮಾತ್ರ ಚರ್ಮ ಗಟ್ಟಿಯಾಗಿ ಹಿಡಿದಿರಬೇಕು, ಗೆಳೆಯನ ಕೈಹಿಡಿತದಷ್ಟು. ಲೇಸಿನ ಎರಡು ಸಾಲು ಕಣ್ಣುಗಳ ನಡುವೆ ಹೊಸದರಲ್ಲಿ ಎರಡು ಬೆರಳು ಅಂತರ ಇದ್ದರೆ ಒಳ್ಳೆಯದು. ಚರ್ಮ ಸಡಿಲವಾದ ಮೇಲೆ ಬಿಗಿಯಲು ಜಾಗ ಉಳಿಯುತ್ತದೆ. ಆಮೇಲೆ ಮೆಟ್ಟಿಲು ಇಳಿಯಿರಿ. ಬೆರಳು ಮುಂದೆ ಬಡಿದರೆ ಆ ಬೂಟು ಬೇಡ. ಬೆಟ್ಟ ಇಳಿಯುವ ನಮಗೆ ಇದೇ ಮುಖ್ಯ ಪರೀಕ್ಷೆ. ಮೆಟ್ಟಿಲು ಹತ್ತುವಾಗ ಹಿಮ್ಮಡಿ ಕೊಂಚ ಎದ್ದರೆ ಅಡ್ಡಿಯಿಲ್ಲ, ಸೋಲ್ ಮಡಿಕೆ ಕಲಿತ ಮೇಲೆ ಅದು ನಿಲ್ಲುತ್ತದೆ. ಕಳೆ ಕೀಳುವ ಹಾಗೆ ಕುಕ್ಕರಗಾಲಿನಲ್ಲಿ ಕೂತು ನೋಡಿ. ಬೂಟು ಮಡಿಯುವ ಜಾಗ ಹೆಬ್ಬೆರಳ ಬುಡದಲ್ಲೇ ಬರಬೇಕು. "ಹಾಕ್ತಾ ಹಾಕ್ತಾ ಸರಿಹೋಗುತ್ತೆ" ಎಂದರೆ ಅರ್ಧ ಮಾತ್ರ ನಂಬಿ. ಚರ್ಮ ಅಗಲಕ್ಕೆ ಸ್ವಲ್ಪ ಬಿಟ್ಟುಕೊಡುತ್ತದೆ, ಉದ್ದಕ್ಕೆ ಬಿಟ್ಟುಕೊಡುವುದಿಲ್ಲ.

ಚರ್ಮವನ್ನು ಗುರುತಿಸುವುದೂ ಕಷ್ಟವಲ್ಲ. ಹೆಬ್ಬೆರಳಿನಿಂದ ಒತ್ತಿದರೆ ಸಣ್ಣ ಸುಕ್ಕು ಮೂಡಿ ಬಿಟ್ಟ ಕೂಡಲೇ ಹೋಗಬೇಕು. ಕತ್ತರಿಸಿದ ಅಂಚಿನಲ್ಲಿ ನಾರು ಕಾಣಬೇಕು. ಬಟ್ಟೆ ಕಂಡರೆ ಅದು ರೆಕ್ಸಿನ್. ಮೇಲಿನ ಚರ್ಮ ಸುಮಾರು 2 ಮಿಲಿಮೀಟರ್ ದಪ್ಪವಿದ್ದರೆ ತೋಟಕ್ಕೆ ತಡೆಯುತ್ತದೆ. ಹದ ಮಾಡುವ ಬಗೆ ಎರಡು. ಆವರಿಕೆ ತೊಗಟೆ, ಅಳಲೆಕಾಯಿ, ವಾಟಲ್ ತೊಗಟೆಗಳಿಂದ ಹದ ಮಾಡಿದ ಚರ್ಮ ಒಂದು. ನಮ್ಮ ಈರೋಡಿನ ಕಡೆ ಈ ಕೆಲಸ ಹಳೆಯದು. ಮದ್ರಾಸ್ ಪ್ರಾಂತದ ಇಂಥ ಚರ್ಮ ಈಸ್ಟ್ ಇಂಡಿಯಾ ಚರ್ಮ ಎಂಬ ಹೆಸರಿನಲ್ಲಿ ಇಂಗ್ಲೆಂಡಿಗೆ ಹೋಗುತ್ತಿತ್ತು. ಇದು ಗಟ್ಟಿ, ಕಾಲಿನ ಆಕಾರವನ್ನು ಕಲಿಯುತ್ತದೆ, ಬೆವರು ಹೀರುತ್ತದೆ. ಆದ್ದರಿಂದ ಒಳಹಾಸಿಗೆ ಇದೇ ಮೇಲು. ಕ್ರೋಮ್ ಎಂಬ ಲವಣದಿಂದ ಹದ ಮಾಡಿದ್ದು ಇನ್ನೊಂದು. ಅದು ಮೆತ್ತಗೆ, ನೆನೆದು ಒಣಗಿದರೂ ಬೇಗ ಬಿರುಸಾಗುವುದಿಲ್ಲ. ಮಳೆಯ ತೋಟಕ್ಕೆ ಮೇಲಿನ ಚರ್ಮ ಇದಾದರೆ ಒಳ್ಳೆಯದು.

ಒಳಹಾಸು ರಟ್ಟಿನದಾಗಿದ್ದರೆ ಒಂದು ಮಳೆಗೆ ಅಂಬಲಿಯಾಗುತ್ತದೆ. ಸೋಲನ್ನು ಬರಿಯ ಗಮ್ಮಿನಿಂದ ಅಂಟಿಸಿದ್ದೋ, ಹೊಲಿದದ್ದೋ ನೋಡಿ. ಅಂಚಿಗೆ ಚರ್ಮದ ಪಟ್ಟಿ ಕೂಡಿಸಿ ಹೊಲಿದಿದ್ದರೆ ಸೋಲ್ ಸವೆದಾಗ ಬಿಚ್ಚಿ ಬೇರೆ ಹಾಕಿಸಬಹುದು. ಅಡಿಗೆ ಆಳದ ಗೆರೆಯಿರುವ ರಬ್ಬರ್ ಇರಲಿ. ಚರ್ಮದ ಸೋಲ್ ಒದ್ದೆ ಕಲ್ಲಿನ ಮೇಲೆ ಜಾರುತ್ತದೆ. ಲೇಸಿನ ಕೆಳಗಿನ ನಾಲಿಗೆಯನ್ನು ಎರಡೂ ಪಕ್ಕಕ್ಕೆ ಸೇರಿಸಿ ಹೊಲಿಸಿ, ಮಣ್ಣೂ ಇಂಬಳವೂ ಸುಲಭವಾಗಿ ನುಗ್ಗುವುದಿಲ್ಲ. ಎತ್ತರ ಕಾಲಿನ ಗಿಣ್ಣನ್ನು ಮುಚ್ಚಲೇಬೇಕು. ಪೊದೆ ಸವರುವವರು ಇನ್ನಷ್ಟು ಎತ್ತರ ಇಡಿಸಿಕೊಳ್ಳಿ.

ಹೊಸ ಬೂಟನ್ನು ಮೊದಲ ದಿನವೇ ತೋಟಕ್ಕೆ ಹಾಕಿಕೊಂಡು ಹೋಗಬೇಡಿ. ಮನೆಯಂಗಳದಲ್ಲಿ ಒಂದು ಗಂಟೆ, ಮರುದಿನ ಎರಡು ಗಂಟೆ, ಆಮೇಲೆ ಅರ್ಧ ದಿನ. ನೆನೆದ ಬೂಟನ್ನು ಒಲೆಯ ಬಳಿ ಇಡಬೇಡಿ, ಚರ್ಮ ಸುಟ್ಟ ರೊಟ್ಟಿಯ ಹಾಗೆ ಸಿಡಿಯುತ್ತದೆ. ಒಳಗೆ ಹಳೆಯ ಪೇಪರು ತುರುಕಿ ನೆರಳಿನಲ್ಲಿ ಒಣಗಿಸಿ. ಒಣಗಿದ ಮೇಲೆ ಆಗಾಗ್ಗೆ ಹರಳೆಣ್ಣೆಯನ್ನು ಬಟ್ಟೆಯಲ್ಲಿ ತೆಳ್ಳಗೆ ಸವರಿ. ಬೆಳಿಗ್ಗೆ ಹಾಕುವ ಮುಂಚೆ ಕವುಚಿ ಕೊಡವಿ, ಚೇಳು ಇರಬಹುದು. ಸಕ್ಕರೆ ಕಾಯಿಲೆಯಿಂದಲೋ ಕುಷ್ಠದಿಂದಲೋ ಪಾದದ ಸ್ಪರ್ಶ ಹೋದವರಿಗೆ ಬೂಟು ಕಚ್ಚುವುದೇ ತಿಳಿಯದು. ಅಂಥವರು "ನೋವಿಲ್ಲ" ಎಂಬುದನ್ನು ನಂಬದೆ ದಿನವೂ ರಾತ್ರಿ ಪಾದವನ್ನು ಕಣ್ಣಿಂದ ನೋಡಿಸಿಕೊಳ್ಳಬೇಕು, ಡಾಕ್ಟರನ್ನು ಕೇಳಿಯೇ ಬೂಟು ಹೊಲಿಸಬೇಕು.

"ಇಷ್ಟೆಲ್ಲ ಸರಿ, ದುಡ್ಡು?" ಎಂದು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ಬೆಲೆಯನ್ನು ರೂಪಾಯಿಯಲ್ಲಿ ಬೇಡ, ದಿನಗೂಲಿಯಲ್ಲಿ ಲೆಕ್ಕ ಹಾಕೋಣ. ಮೂರು ದಿನದ ಕೂಲಿಗೆ ತಂದ ಬೂಟು ನಾಲ್ಕು ತಿಂಗಳಿಗೆ ಬಾಯಿ ಬಿಟ್ಟಿತು ಎಂದಿಟ್ಟುಕೊಳ್ಳಿ. ವರ್ಷಕ್ಕೆ ಒಂಬತ್ತು ದಿನದ ಕೂಲಿ ಹೋಯಿತು. ಎಂಟು ದಿನದ ಕೂಲಿಗೆ ಹೊಲಿಸಿ, ಎರಡು ದಿನದ ಕೂಲಿಗೆ ಒಮ್ಮೆ ಸೋಲ್ ಹಾಕಿಸಿ, ಎರಡು ವರ್ಷ ಹಾಕಿದರೆ ವರ್ಷಕ್ಕೆ ಐದೇ ದಿನ. ಆದರೆ ಎಂಟು ದಿನದ ಕೂಲಿ ಒಮ್ಮೆಗೇ ಎಲ್ಲಿಂದ ತರುವುದು? ಬಡವರು ಹೆಚ್ಚು ದುಡ್ಡು ತೆರುವುದು ಈ ಒಮ್ಮೆಗೇ ಎಂಬ ಕಷ್ಟದಿಂದ. ಹತ್ತು ಮನೆಯವರು ಸೇರಿ ವಾರಕ್ಕಿಷ್ಟು ಎಂದು ಚೀಟಿ ಹಾಕಿದರೆ ತಿಂಗಳಿಗೊಬ್ಬರಿಗೆ ಬೂಟು ಬರುತ್ತದೆ. ಸಾಲದ ಬಡ್ಡಿ ಇಲ್ಲ.

ಹೊಲಿಯುವವರೊಂದಿಗೆ ಚೌಕಾಸಿ ಮಿತಿಯಲ್ಲಿರಲಿ. ಅವರೂ ನಮ್ಮ ಹಾಗೆ ಕೈಯಿಂದ ದುಡಿಯುವವರು. ಚರ್ಮ ಮುಟ್ಟುತ್ತಾರೆಂದು ಅವರನ್ನು ದೂರವಿಟ್ಟದ್ದು ಈ ನಾಡಿನ ದೊಡ್ಡ ಪಾಪ. 1817ರಲ್ಲಿ ಶ್ರೀರಾಮಪುರದಲ್ಲಿ ಕನ್ನಡ ವ್ಯಾಕರಣವನ್ನು ಅಚ್ಚು ಹಾಕಿಸಿದ ವಿಲಿಯಂ ಕೇರಿಯವರು ಇಂಗ್ಲೆಂಡಿನಲ್ಲಿ ಬೂಟು ಹೊಲಿದು ಬದುಕಿದವರು. ಹೊಲಿಯುವ ಅಣ್ಣನಿಗೆ ಕೂರಲು ಜಾಗ ಕೊಡಿ, ನಾವು ಕುಡಿಯುವ ಲೋಟದಲ್ಲೇ ಕಾಫಿ ಕೊಡಿ, ಚರ್ಮ ಕೊಳ್ಳಲು ಮುಂಗಡ ಕೊಡಿ. ಸೋಲ್ ಕೂಡಿಸುವ ಮುಂಚೆ ಒಮ್ಮೆ ತೊಡಿಸಿ ನೋಡಲು ಆಗುತ್ತದೆಯೇ ಎಂದು ವಿನಯದಿಂದ ಕೇಳಿ.

ತೋಟದ ಆಡಳಿತದವರ ಜವಾಬ್ದಾರಿಯೂ ಇದೆ. 1951ರ ತೋಟ ಕಾರ್ಮಿಕರ ಕಾಯಿದೆ ಮಳೆ ಚಳಿಗೆ ಕೊಡೆ, ಕಂಬಳಿ, ರೇನ್‌ಕೋಟುಗಳ ಹೆಸರು ಹೇಳಿತ್ತು. ಬೂಟಿನ ಹೆಸರು ಅಲ್ಲಿರಲಿಲ್ಲ. ಆ ಕಾಯಿದೆಯ ಜಾಗಕ್ಕೆ ಕೆಲಸದ ಸುರಕ್ಷತೆ, ಆರೋಗ್ಯಗಳ 2020ರ ಸಂಹಿತೆ ಬಂದು, 2025ರ ನವೆಂಬರ್ 21ರಿಂದ ಜಾರಿಯಾಗಿದೆ. ಸುರಕ್ಷತೆಗೆಂದು ಒದಗಿಸಿದ್ದಕ್ಕೆ ಕೆಲಸಗಾರರಿಂದ ಹಣ ಹಿಡಿಯಬಾರದು ಎಂದು ಅದು ಹೇಳುತ್ತದೆ. ಆದ್ದರಿಂದ ಬೂಟು ಹಂಚುವ ಮಾತು ಬಂದಾಗ ರೈಟರ ಬಳಿ ಹೋಗಿ ಕೇಳಿ. ಕೇಳುವಾಗ ಬರಿಗೈಯಲ್ಲಿ ಹೋಗಬೇಡಿ, ಎಲ್ಲರ ಪಾದದ ಅಳತೆಯ ಪಟ್ಟಿ ಕೊಡಿ. ಪಟ್ಟಿ ಇಲ್ಲದಿದ್ದರೆ 8, 9 ನಂಬರಿನ ಗಂಡಸರ ಬೂಟಿನ ಮೂಟೆ ಬರುತ್ತದೆ. ಹೆಂಗಸರು ಅದಕ್ಕೆ ಬಟ್ಟೆ ತುರುಕಿಕೊಂಡು ಜಾರುತ್ತಾರೆ, ಇಲ್ಲವೆ ಬರಿಗಾಲಿನಲ್ಲೇ ಹೋಗುತ್ತಾರೆ.

ಅಣ್ಣತಮ್ಮಂದಿರೇ, ಈ ಮಾತನ್ನು ನಿಮಗೇ ಹೇಳುತ್ತೇವೆ. ಸೊಪ್ಪು ಕೀಳುವವಳು, ಹಣ್ಣು ಆಯುವವಳು, ಕಳೆ ತೆಗೆಯುವವಳು ಆಕೆ. ಸಂಜೆ ಸೌದೆ ನೀರಿಗೆ ಮತ್ತೆ ಅದೇ ಹಾದಿ ತುಳಿಯುವವಳೂ ಆಕೆ. ಕೊಕ್ಕೆಹುಳು ಹೀರುವ ರಕ್ತ ಬಸುರಿಗೆ ಇನ್ನೂ ದೊಡ್ಡ ನಷ್ಟ. ಮನೆಗೆ ಒಂದೇ ಜೊತೆ ಬೂಟು ಬರುವುದಾದರೆ ಯಾರ ಕಾಲು ಹೆಚ್ಚು ಹೊತ್ತು ಆ ನೆಲದ ಮೇಲಿರುತ್ತದೆ ಎಂದು ಲೆಕ್ಕ ಹಾಕಿ, ಆಮೇಲೆ ಹೊಲಿಸಿ.

ಮುಂದಿನ ಕೂಟಕ್ಕೆ ಬರುವಾಗ ಪ್ರತಿ ಮನೆಯವರೂ ಎರಡು ಕ್ಯಾಲೆಂಡರ್ ಹಾಳೆ, ಒಂದು ಪೆನ್ಸಿಲು ತನ್ನಿ, ಕಾಲು ತೊಳೆದುಕೊಂಡು ಬನ್ನಿ. ಸಂಜೆಯ ಹೊತ್ತಿಗೇ ಕೂಡೋಣ. ಲೈನಿನ ಎಲ್ಲರ ಅಳತೆಯನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆಯೋಣ. ತಾಯಂದಿರ ಹೆಸರು ಮೊದಲ ಪುಟದಲ್ಲಿರಲಿ.